ಏರಿನಲ್ಲಿ ಮಾತ್ರ ಬರುವ ಸದ್ದು

ಮಾರ್ಚ್ 2, ಸೋಮವಾರ

ಇವತ್ತು ನಾನು ವ್ಯಾನ್ ಓಡಿಸಿದೆ. ಬರೆದಿಡದಿದ್ದರೆ ನಾಳೆ ನನಗೇ ನಂಬಿಕೆ ಬರುವುದಿಲ್ಲ.

ಲೈಸೆನ್ಸ್ ಮಾಡಿಸಿ ಹನ್ನೊಂದು ವರ್ಷವಾಯಿತು. ಅಷ್ಟೂ ಕಾಲ ಅದು ಬೀರುವಿನಲ್ಲಿ, ಮಕ್ಕಳ ಲಸಿಕೆ ಚೀಟಿಗಳ ಕೆಳಗೆ ಸುಖವಾಗಿ ಮಲಗಿತ್ತು. ಎಬ್ಬಿಸಿದ್ದು ಇವರ ಕಾಲು. ಹತ್ತು ದಿನದ ಕೆಳಗೆ ಫ್ಯಾನ್ ಒರೆಸಲು ಸ್ಟೂಲ್ ಹತ್ತಿದರು. ಸ್ಟೂಲ್ ಅಲ್ಲಾಡುತ್ತಿದೆ ಎಂದೆ. ಈ ಸ್ಟೂಲ್ ತಮಗೆ ಹದಿನೈದು ವರ್ಷದಿಂದ ಗೊತ್ತು ಎಂದರು. ಸ್ಟೂಲಿಗೆ ಇವರ ಗುರುತು ಸಿಗಲಿಲ್ಲ ಅಂತ ಕಾಣುತ್ತದೆ. ಬಲಗಾಲು ಎರಡು ಕಡೆ ಮುರಿದಿದೆ. ತೊಡೆಯವರೆಗೆ ಪ್ಲಾಸ್ಟರ್, ಆರು ವಾರ.

ಇನ್ನೂ ರಜೆ ಹಾಕಿ ಎಂದರೆ ಕೇಳಲಿಲ್ಲ. ಮುದ್ರಣಾಲಯದಲ್ಲಿ ಕರಡು ತಿದ್ದುವ ಕೆಲಸ ಇವರದು. ಇಪ್ಪತ್ತು ವರ್ಷದಿಂದ ಬೇರೆಯವರ ತಪ್ಪು ಹುಡುಕಿಯೇ ಸಂಬಳ ತಂದಿದ್ದಾರೆ, ಒಂದು ವಾರ ಬಿಟ್ಟಿದ್ದಕ್ಕೇ ಕೈ ಕಟ್ಟಿಹಾಕಿದ ಹಾಗಾಗಿದೆ. ಮಡಿಸಲಾಗದ ಆ ಕಾಲು ಹಿಡಿಸುವುದು ನಮ್ಮ ವ್ಯಾನಿನ ಮಧ್ಯದ ಸೀಟಿನಲ್ಲಿ ಮಾತ್ರ. ಮಕ್ಕಳ ಶಾಲೆ, ಇವರ ಮುದ್ರಣಾಲಯ, ನನ್ನ ಕಿವಿ ಆಸ್ಪತ್ರೆ, ಮೂರೂ ನೀರಿನ ಟ್ಯಾಂಕಿನ ಏರು ದಾಟಿದ ಮೇಲೆ. ಹಾಗಾಗಿ ಬೀಗದ ಕೈ ನನ್ನ ಕೈಗೆ ಬಂತು.

ಪಕ್ಕದಲ್ಲಿ ದೊಡ್ಡವಳು, ಮಧ್ಯದ ಸೀಟಿನ ಉದ್ದಕ್ಕೂ ಇವರು, ಕೊನೆಯ ಸೀಟಿನಲ್ಲಿ ಚಿಕ್ಕವಳು ಮತ್ತು ಮಾವ. ಮಾವ ಶಾಲೆಯ ಹತ್ತಿರದ ಪಾರ್ಕಿನಲ್ಲಿ ಇಳಿದು, ಸ್ವಲ್ಪ ಹೊತ್ತು ಬೆಂಚಿನ ಮೇಲೆ ಕೂತು, ಇಳಿಜಾರಿನಲ್ಲಿ ನಡೆದು ಮನೆಗೆ ಬರುತ್ತಾರೆ. ಮೂವತ್ತನಾಲ್ಕು ವರ್ಷ ಬಸ್ ಓಡಿಸಿದವರು. ಕಣ್ಣು ಮಂಜಾಗಿ ಲೈಸೆನ್ಸ್ ಹೋದ ಮೇಲೆ ಕೊನೆಯ ಸೀಟೇ ಅವರ ಜಾಗ. ಒಂದು ಮಾತೂ ಆಡುವುದಿಲ್ಲ.

ಏರಿನ ಅರ್ಧಕ್ಕೆ ಬಂದಾಗ ಎಂಜಿನ್ನಿನಿಂದ ಕಿಟಿಕಿಟಿ ಎಂಬ ಸದ್ದು. ತಗಡಿನ ಡಬ್ಬದಲ್ಲಿ ಗೋಲಿ ಹಾಕಿ ಅಲುಗಾಡಿಸಿದ ಹಾಗೆ. ಏರು ಮುಗಿದ ಕೂಡಲೇ ನಿಂತಿತು. ಏನದು ಎಂದು ಕೇಳಿದೆ. ಮಧ್ಯದ ಸೀಟಿನಿಂದ ಉತ್ತರ ಬಂತು: ನಿನ್ನ ಡ್ರೈವಿಂಗು.

ಮಾರ್ಚ್ 4, ಬುಧವಾರ

ಇವತ್ತೂ ಅದೇ ಜಾಗ, ಅದೇ ಸದ್ದು. ನಾನು ಮೂರನೇ ಗೇರಿನಲ್ಲೇ ಏರು ಹತ್ತುವುದರಿಂದ ಎಂಜಿನ್ ಹಲ್ಲು ಕಡಿಯುತ್ತಿದೆಯಂತೆ. ಸರಿ ಎಂದು ಎರಡಕ್ಕೆ ಇಳಿಸಿದೆ. ಸದ್ದು ಕಡಿಮೆಯಾಯಿತು, ಹೋಗಲಿಲ್ಲ. ನೋಡಿ, ಗೇರ್ ಇಳಿಸಿದರೂ ಇದೆ ಎಂದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ಇವರು ಪ್ಲಾಸ್ಟರಿನ ಮೇಲೆ ತಾಳ ಹಾಕಿದರು. ನೆಲ ಡೊಂಕೇ ಇದೆ, ಅದನ್ನೇ ಏರು ಅನ್ನುವುದು ಎಂದು ಹೇಳಬೇಕೆಂದು ನನಗೆ ಹೊಳೆದದ್ದು ಆಸ್ಪತ್ರೆ ತಲುಪಿದ ಮೇಲೆ. ಒಳ್ಳೆಯ ಉತ್ತರಗಳೆಲ್ಲ ನನಗೆ ಹೀಗೆ ಮುಂದಿನ ಸ್ಟಾಪಿನಲ್ಲಿ ಹತ್ತುತ್ತವೆ.

ಮಾರ್ಚ್ 7, ಶನಿವಾರ

ಯಾವುದೋ ಸಾಮಾನು ಎಲ್ಲೋ ಸಿಕ್ಕಿಕೊಂಡು ಅಲ್ಲಾಡುತ್ತಿರಬೇಕು ಎಂಬುದು ದೊಡ್ಡವಳ ಅಂದಾಜು. ಇಬ್ಬರು ಮಕ್ಕಳನ್ನೂ ಕಟ್ಟಿಕೊಂಡು ಬೆಳಿಗ್ಗೆಯಿಡೀ ವ್ಯಾನ್ ಶೋಧಿಸಿದೆ. ಸಿಕ್ಕಿದ್ದು: ಚಮಚ ಎರಡು, ಹೋದ ವರ್ಷ ಕಳೆದುಹೋಗಿದೆ ಎಂದು ಇಡೀ ಮನೆಗೆ ಬೈಗುಳ ತಿನ್ನಿಸಿದ ಇವರ ಕನ್ನಡಕ, ಚಿಕ್ಕವಳ ಹಾಲುಹಲ್ಲು (ಯಾವಾಗ ಬಿತ್ತೋ, ಯಾಕೆ ಅಲ್ಲಿಟ್ಟಳೋ), ಗಟ್ಟಿಯಾಗಿ ಕಲ್ಲಾದ ಅರ್ಧ ಬನ್.

ಎಲ್ಲ ತೆಗೆದು, ಮನೆಯವರನ್ನೆಲ್ಲ ಕೂರಿಸಿಕೊಂಡು ಏರು ಹತ್ತಿಸಿ ನೋಡಿದೆ. ಸದ್ದು ಇನ್ನೂ ಸ್ವಚ್ಛವಾಗಿ ಕೇಳಿಸಿತು.

ಮಾರ್ಚ್ 8, ಭಾನುವಾರ

ಕನ್ನಡಕ ಸಿಕ್ಕಿದ್ದಕ್ಕೆ ಯಾರೂ ನನ್ನನ್ನು ಹೊಗಳಲಿಲ್ಲ. ದಾಖಲೆಗಿರಲಿ.

ಮಾರ್ಚ್ 12, ಗುರುವಾರ

ಮಧ್ಯಾಹ್ನ ಬಿಡುವು ಮಾಡಿಕೊಂಡು ಗ್ಯಾರೇಜಿಗೆ ಹೋದೆ. ಅಲ್ಲಿಯ ಮೇಸ್ತ್ರಿ ಏನು ಕೇಳಿದರೂ "ಆಗತ್ತೆ" ಅನ್ನುತ್ತಾರೆ. ಆಗತ್ತೆ ಮೇಸ್ತ್ರಿ ಎಂದೇ ನಾವು ಕರೆಯುವುದು. ಬಾನೆಟ್ ಎತ್ತಿ, ಎಂಜಿನ್ನನ್ನು ರೊಂಯ್ಯೆಂದು ಕೂಗಿಸಿ, ತಲೆ ಓರೆ ಮಾಡಿ ಕೇಳಿದರು. ಎಂಜಿನ್ ಒಳ್ಳೆಯ ಮನೆತನದ ಹುಡುಗಿಯ ಹಾಗೆ ಮೆತ್ತಗೆ ಮಾತಾಡಿತು. ಅವರೇ ಓಡಿಸಿ ಗ್ಯಾರೇಜಿನ ಸುತ್ತ ಒಂದು ಸುತ್ತು ಹಾಕಿದರು. ಏನೂ ಇಲ್ಲ.

ಇದು ನನಗೆ ಹೊಸದಲ್ಲ. ಆಸ್ಪತ್ರೆಯಲ್ಲಿ ನಾನು ಮಾಡುವುದು ಕಿವಿ ಪರೀಕ್ಷೆ. ಮನೆಯಲ್ಲಿ ಏನೂ ಕೇಳಿಸುವುದಿಲ್ಲ ಎಂದು ಹೆಂಡತಿ ಎಳೆದು ತಂದ ಗಂಡಸರು ನನ್ನ ಕೋಣೆಯಲ್ಲಿ ಸೂಜಿ ಬಿದ್ದ ಸದ್ದನ್ನೂ ಹಿಡಿಯುತ್ತಾರೆ. ಆ ಹೆಂಡತಿಯರ ಮುಖ ಹೇಗಿರುತ್ತದೋ ಇವತ್ತು ನನ್ನದೂ ಹಾಗೇ ಇತ್ತು.

ಮೇಸ್ತ್ರಿ ಒಂದು ಮಾತು ಹೇಳಿದರು. ಸದ್ದು ಯಾವಾಗ ಬರುತ್ತೆ, ಯಾವ ಗೇರು, ಎಷ್ಟು ಜನ, ಎಂಜಿನ್ ಬಿಸಿಯೋ ತಣ್ಣಗೋ, ಬರೆದುಕೊಂಡು ಬನ್ನಿ ಎಂದರು. ಬರೆಯುವುದು ತಾನೆ, ಅದು ನನಗೆ ಬರುತ್ತದೆ. ಬಂದರೆ ಹಿಡಿಯೋಕಾಗತ್ತಾ ಎಂದು ಕೇಳಿದೆ.

ಆಗತ್ತೆ ಎಂದರು.

ಮಾರ್ಚ್ 14, ಶನಿವಾರ

ನನ್ನ ಬಿಟ್ಟು ಬೇರೆ ಯಾರಿಗಾದರೂ ಈ ಸದ್ದು ಸರಿಯಾಗಿ ಕೇಳುತ್ತಿದೆಯೇ ಎಂದು ತಿಳಿಯಬೇಕಿತ್ತು. ಮಾವನನ್ನು ಕೇಳಿದೆ. "ಊಂ" ಎಂದರು. ಹೌದೋ ಅಲ್ಲವೋ ಗೊತ್ತಾಗಲಿಲ್ಲ. ಅಪ್ಪನಿಗೆ ಕಿವಿ ಕೇಳಲ್ಲ, ಅವರನ್ನೇನು ಕೇಳ್ತೀಯ ಎಂದು ಇವರು ನಕ್ಕರು. ಸರಿ, ಅದನ್ನೂ ನೋಡಿಬಿಡೋಣ ಎಂದು ಮಾವನನ್ನು ಆಸ್ಪತ್ರೆಗೆ ಕರೆದುಕೊಂಡು ಹೋದೆ.

ಸದ್ದಿಲ್ಲದ ಕೋಣೆಯಲ್ಲಿ ಕೂರಿಸಿ, ಕಿವಿಗೆ ಹೆಡ್‌ಫೋನ್ ಹಾಕಿ, ಕೇಳಿಸಿದಾಗ ಮಾತ್ರ ಗುಂಡಿ ಒತ್ತಿ ಎಂದೆ. ಬಲಗಿವಿ ಬಹಳ ಮಂದವಾಗಿದೆ. ಅಷ್ಟು ವರ್ಷ ರಸ್ತೆಯ ಕಡೆಯ ಕಿಟಕಿಗೆ ಕೊಟ್ಟ ಕಿವಿ. ಎಡಗಿವಿ ಮಾತ್ರ ವಯಸ್ಸಿಗೆ ಹೋಲಿಸಿದರೆ ಎಷ್ಟೋ ವಾಸಿ. ನನಗೆ ಆಶ್ಚರ್ಯವಾಗಿದ್ದು ಇನ್ನೊಂದು. ಸಾಮಾನ್ಯವಾಗಿ ಜನ ಕೇಳಿಸದಿದ್ದರೂ ನಾಲ್ಕಾರು ಸಲ ಗುಂಡಿ ಒತ್ತುತ್ತಾರೆ. ಫೇಲಾಗುತ್ತೇವೆಂಬ ಭಯ. ಮಾವ ಒಂದೇ ಒಂದು ಸಲವೂ ಸುಳ್ಳು ಒತ್ತಲಿಲ್ಲ. ಇಪ್ಪತ್ತು ನಿಮಿಷ ಕಣ್ಣು ಮುಚ್ಚಿ, ಹೆಬ್ಬೆರಳನ್ನು ಗುಂಡಿಯ ಮೇಲಿಟ್ಟು, ಸಿಗ್ನಲ್ಲಿಗೆ ಕಾಯುವವರ ಹಾಗೆ ಕೂತಿದ್ದರು.

ಹೊರಗೆ ಬಂದು, ನಾನು ಪಾಸಾ ಎಂದು ಕೇಳಿದರು. ಎಡಗಿವಿ ಪಾಸು ಮಾವ ಎಂದೆ. ಹಾಗಾದರೆ ಮಗ ಮಾತಾಡೋವಾಗ ಅವನನ್ನ ಬಲಗಡೆ ಕೂರಿಸ್ಕೋತೀನಿ ಎಂದರು. ಮಾವ ತಮಾಷೆ ಮಾಡುತ್ತಾರೆಂದು ನನಗೆ ಗೊತ್ತೇ ಇರಲಿಲ್ಲ.

ಮಾರ್ಚ್ 17, ಮಂಗಳವಾರ

ದಾಖಲೆ:

ಬೆಳಿಗ್ಗೆ, ಮನೆಯಿಂದ ಹೊರಟ ತಕ್ಷಣ, ಐದು ಜನ, ಚಿಕ್ಕ ಏರು: ಇಲ್ಲ.
ಟ್ಯಾಂಕಿನ ಏರು, ಎಂಜಿನ್ ಬಿಸಿ, ಐದು ಜನ, ಮೂರನೇ ಗೇರ್: ಜೋರು.
ಅದೇ ಏರು, ಎರಡನೇ ಗೇರ್: ಸ್ವಲ್ಪ.
ಮಧ್ಯಾಹ್ನ, ನಾನೊಬ್ಬಳೇ: ಇಲ್ಲವೇ ಇಲ್ಲ.

ಅಂದರೆ ಈ ವ್ಯಾನಿಗೆ ನಾವೆಲ್ಲ ಒಟ್ಟಿಗೆ ಕೂತರೆ ಮಾತ್ರ ತೊಂದರೆ. ಪಾಪ, ಅದೊಂದಕ್ಕೇ ಅಲ್ಲ.

ಇವರು ಈಗ ಪೆಟ್ರೋಲ್ ಸರಿಯಿಲ್ಲ ಎನ್ನುತ್ತಿದ್ದಾರೆ. ನನ್ನ ಡ್ರೈವಿಂಗಿನ ಜೊತೆಗೆ ಪೆಟ್ರೋಲೂ ಆರೋಪಿ ಸ್ಥಾನದಲ್ಲಿ ನಿಂತದ್ದು ನನಗೆ ಸ್ವಲ್ಪ ಸಮಾಧಾನ. ಬೇರೆ ಬಂಕಿಗೆ ಹೋಗಿ ಮೇಲಿನ ದರ್ಜೆಯದ್ದನ್ನು ಹಾಕಿಸಿದೆ.

ಮಾರ್ಚ್ 18, ಬುಧವಾರ

ಸದ್ದು ಅರ್ಧಕ್ಕರ್ಧ ಕಡಿಮೆ. ಇವರು ದಾರಿಯುದ್ದಕ್ಕೂ ಪೆಟ್ರೋಲಿನ ಬಗ್ಗೆ ಭಾಷಣ ಮಾಡಿದರು. ಚಿಕ್ಕವಳು ನಿದ್ದೆ ಮಾಡಿದಳು.

ಮಾರ್ಚ್ 20, ಶುಕ್ರವಾರ

ಇವತ್ತಿನದನ್ನು ಬರೆಯಲು ಮನಸ್ಸಿಲ್ಲ.

ಬಿಸಿಲು ಜೋರಿತ್ತು. ಟ್ಯಾಂಕಿನ ಏರಿನಲ್ಲಿ ಸದ್ದು ಶುರುವಾಯಿತು, ಹಿಂದೆಂದೂ ಇಲ್ಲದಷ್ಟು ಜೋರಾಗಿ. ಹೆದರಿ ಕಾಲು ತೆಗೆದೆ. ಎಂಜಿನ್ ಆಫ್ ಆಯಿತು. ವ್ಯಾನ್ ಹಿಂದಕ್ಕೆ ಸರಿಯತೊಡಗಿತು. ಹಿಂದೆ ಒಂದು ಹಾಲಿನ ಲಾರಿ. ಬ್ರೇಕ್ ಒತ್ತಿದೆನೋ, ಹ್ಯಾಂಡ್ ಬ್ರೇಕ್ ಎಳೆದೆನೋ, ಅದೂ ನೆನಪಿಲ್ಲ. ನಿಂತಾಗ ಲಾರಿಗೂ ನಮಗೂ ನಡುವೆ ಒಂದು ಮೊಳ ಇತ್ತಂತೆ. ಚಿಕ್ಕವಳು ಅಳುತ್ತಿದ್ದಳು. ಲಾರಿಯವನು ಹಾರ್ನ್ ಮೇಲಿಂದ ಕೈ ತೆಗೆಯಲಿಲ್ಲ. ಮಧ್ಯದ ಸೀಟಿನಿಂದ ಇವರು, "ನಾನು ಮೊದಲ ದಿನವೇ ಹೇಳಲಿಲ್ವಾ" ಎಂದರು.

ಮತ್ತೆ ಸ್ಟಾರ್ಟ್ ಮಾಡಿ ಎಲ್ಲರನ್ನೂ ಅವರವರ ಜಾಗಕ್ಕೆ ತಲುಪಿಸಿದೆ. ಸಂಜೆ ಮನೆಗೆ ತಂದು ನಿಲ್ಲಿಸಿ, ಬೀಗದ ಕೈಯನ್ನು ಗೋಡೆಯ ಮೊಳೆಗೆ ಹಾಕಿದೆ. ಇನ್ನು ನಾನು ಮುಟ್ಟುವುದಿಲ್ಲ ಎಂದೆ. ಇವರು, ಪ್ಲಾಸ್ಟರ್ ಬಿಚ್ಚಿದ ಮೇಲೆ ವ್ಯಾನನ್ನೇ ಮಾರಿಬಿಡೋಣ ಎಂದರು.

ಮಾರ್ಚ್ 21, ಶನಿವಾರ

ಬಸ್ಸಿನಲ್ಲಿ ಹೋದೆ, ಬಸ್ಸಿನಲ್ಲಿ ಬಂದೆ.

ಮಾರ್ಚ್ 23, ಸೋಮವಾರ

ಬೆಳಿಗ್ಗೆ ತಿಂಡಿಯ ಹೊತ್ತಿಗೆ ಮನೆಯಲ್ಲಿ ಎತ್ತು ಏರಿಗೆ, ಕೋಣ ನೀರಿಗೆ. ಇವರು ಬಾಡಿಗೆ ಕಾರು ತರಿಸಿದ್ದರು, ಕಾಲು ಒಳಗೆ ಹೋಗಲಿಲ್ಲ. ತೂರಿಸಲು ಇವರು ಮಾಡಿದ ಸರ್ಕಸ್ಸನ್ನು ಎದುರು ಮನೆಯವರು ಬಾಗಿಲು ತೆರೆದಿಟ್ಟು ನೋಡಿದರು. ದೊಡ್ಡವಳಿಗೆ ಪರೀಕ್ಷೆ. ಚಿಕ್ಕವಳ ಒಂದು ಶೂ ಇಲ್ಲ. ಎಲ್ಲಕ್ಕೂ ಕಾರಣ ನಾನು ಎಂಬ ಹಾಗೆ ಇವರು ನನ್ನ ಮುಖ ನೋಡುತ್ತಿದ್ದರು.

ಆಗ ಮಾವ ಟೀ ಲೋಟ ಕೆಳಗಿಟ್ಟರು.

"ಆ ಸದ್ದು ಇವಳದಲ್ಲಪ್ಪ" ಎಂದರು. "ನೀನು ಓಡಿಸ್ತಿದ್ದಾಗಲೇ ಇತ್ತು. ನೀನು ಬೀಳೋಕೆ ಹತ್ತು ದಿನ ಮೊದಲಿಂದ ಕೇಳ್ತಿದೀನಿ. ನೀನು ರೇಡಿಯೋ ಜೋರಾಗಿ ಹಾಕ್ಕೋತೀಯ, ಕೇಳಿಸ್ತಿರಲಿಲ್ಲ."

ಹಾಗಿದ್ದರೆ ಯಾಕೆ ಹೇಳಲಿಲ್ಲ ಎಂದು ಇವರು ಕೇಳಿದರು.

"ಹೋದ ವರ್ಷ ಗೇರ್ ಬಗ್ಗೆ ಒಂದು ಮಾತು ಹೇಳಿದ್ದೆ. ಅಪ್ಪಾ ಇದು ಬಸ್ಸಲ್ಲ ಅಂದೆ ನೀನು. ಹೌದಲ್ಲ, ಬಸ್ಸಲ್ಲ ಅಂತ ಸುಮ್ಮನಾದೆ." ಆಮೇಲೆ ನನ್ನ ಕಡೆ ತಿರುಗಿದರು. "ಸುಮ್ಮನಿದ್ದಿದ್ದು ನನ್ನ ತಪ್ಪು ಕಣಮ್ಮ. ಮೊನ್ನೆ ಏರಿನಲ್ಲಿ ನೀನು ಬ್ರೇಕ್ ಹಾಕಿದ್ದು ನೋಡಿದೆ. ಅಷ್ಟು ಚುರುಕಾಗಿ ಹಾಕೋಕೆ ನನಗೆ ಎರಡು ವರ್ಷ ಬೇಕಾಗಿತ್ತು."

ಇವರಿಗೆ ಅಪ್ಪನ ಮಾತಿನ ಮೇಲೆ ಅನುಮಾನ ಬಂದಿರಬಹುದು. ನನಗೆ ಬರಲಿಲ್ಲ. ಕೇಳಿಸದೆ ಗುಂಡಿ ಒತ್ತುವ ಮನುಷ್ಯ ಅಲ್ಲ ಅವರು, ನಾನೇ ಪರೀಕ್ಷೆ ಮಾಡಿದ್ದೇನೆ.

ಹೊತ್ತಾಗುತ್ತಿತ್ತು. ಬೀಗದ ಕೈ ತೆಗೆದುಕೊಂಡೆ. ಶೂ ಫ್ರಿಜ್ಜಿನ ಹಿಂದೆ ಸಿಕ್ಕಿತು. ಮಾವನಿಗೆ, ನೀವು ಮುಂದೆ ಕೂತ್ಕೊಳ್ಳಿ, ಗೇರ್ ಯಾವಾಗ ಇಳಿಸಬೇಕು ಹೇಳಿ ಎಂದೆ. ದೊಡ್ಡವಳು ಮುಖ ಊದಿಸಿಕೊಂಡು ಹಿಂದೆ ಹೋದಳು. ಏರಿನ ಬುಡದಲ್ಲಿ ಮಾವ ಮೆತ್ತಗೆ, ಈಗ, ಎಂದರು. ಅಷ್ಟೇ. ಎಂಜಿನ್ ದಣಿದ ಮೇಲೆ ಇಳಿಸೋದಲ್ಲ, ದಣಿಯೋ ಮೊದಲೇ ಇಳಿಸಬೇಕು, ಅದು ಪಾದಕ್ಕೆ ಗೊತ್ತಾಗತ್ತೆ ಎಂದರು. ನನ್ನ ಪಾದಕ್ಕೆ ಸದ್ಯಕ್ಕೆ ಚಪ್ಪಲಿ ಕಚ್ಚುವುದೊಂದೇ ಗೊತ್ತಾಗುತ್ತಿದೆ.

ಮಾರ್ಚ್ 26, ಗುರುವಾರ

ದಾಖಲೆಯ ಪುಟಗಳನ್ನು ಮೇಸ್ತ್ರಿಗೆ ಕೊಟ್ಟೆ. ಕೈ ಒರೆಸಿಕೊಂಡು, ಎರಡು ಸಲ ಓದಿದರು. ಗಾಡಿ ಬಗ್ಗೆ ಇಷ್ಟು ಚೆನ್ನಾಗಿ ಬರೆದುಕೊಂಡು ಬಂದವರು ತಮ್ಮ ಇಪ್ಪತ್ತೆಂಟು ವರ್ಷದಲ್ಲಿ ಇಲ್ಲ ಎಂದರು. ಮೂರನೇ ಗೇರಿನ ಸಾಲಿನ ಮೇಲೆ ಬೆರಳಿಟ್ಟು, ಇದು ಸಡಿಲ ತಗಡಿನ ಸದ್ದಲ್ಲ, ಎಂಜಿನ್ ಒಳಗೆ ಹೊತ್ತಲ್ಲದ ಹೊತ್ತಲ್ಲಿ ಬೆಂಕಿ ಹತ್ತಿಕೊಳ್ತಿದೆ ಎಂದರು. ತಾವೇ ಕೇಳಬೇಕು, ಶನಿವಾರ ಮನೆಯವರನ್ನೆಲ್ಲ ತುಂಬಿಕೊಂಡು ಬನ್ನಿ ಎಂದರು. ಐದು ಮೂಟೆ ಮರಳು ಹಾಕಿದರೆ ಆಗಲ್ವಾ ಎಂದು ಕೇಳಿದೆ. ಆಗತ್ತೆ ಎಂದರು. ಆದರೂ ಮನೆಯವರೇ ಬರಲಿ, ಮರಳು ತಾನಾಗಿ ಇಳಿಯಲ್ಲ ಎಂದರು.

ಮಾರ್ಚ್ 28, ಶನಿವಾರ

ಸದ್ದು ಸಿಕ್ಕಿತು.

ಮೇಸ್ತ್ರಿ ಮುಂದೆ, ನನ್ನ ಪಕ್ಕ. ಇವರು ಮಧ್ಯದಲ್ಲಿ. ಕೊನೆಯ ಸೀಟಿನಲ್ಲಿ ಮಾವ, ಮಕ್ಕಳು. ಏನಾದರೂ ಹೇಳುವುದಿದೆಯಾ ಎಂದು ಮೇಸ್ತ್ರಿ ಇವರನ್ನು ಮರ್ಯಾದೆಗೆ ಕೇಳಿದರು. "ನನ್ನದೇನಿಲ್ಲ, ನಾನು ಬರೀ ಲೋಡು" ಎಂದರು ಇವರು. ಮೊನ್ನೆಯಿಂದ ಹೀಗೇ ತಗ್ಗಿದ ದನಿ.

ಬೇಕಂತಲೇ ಮೂರನೇ ಗೇರಿನಲ್ಲಿ ಏರಿಗೆ ಬಿಟ್ಟೆ. ಹಾಲಿನ ಲಾರಿ ನೆನಪಾಗಿ ಹಿಂದಿನ ಕನ್ನಡಿಯನ್ನು ಎರಡು ಸಲ ನೋಡಿದೆ. ಟ್ಯಾಂಕಿನ ನೆರಳು ದಾಟುತ್ತಿದ್ದಂತೆ ಕಿಟಿಕಿಟಿ ಶುರುವಾಯಿತು. ನಾನು ಕಾಲು ತೆಗೆಯಲಿಲ್ಲ. ಮೇಸ್ತ್ರಿ ಕೈಯೆತ್ತಿ, ಸಾಕು ಎಂದರು. ಎರಡಕ್ಕೆ ಇಳಿಸಿ ಏರು ಮುಗಿಸಿದೆ.

ಈಗ ವಿಚಾರಣೆ. ಸದ್ದು ಶುರುವಾದದ್ದು ಫೆಬ್ರವರಿ ಹತ್ತರ ಸುಮಾರಿಗೆ ಎಂದು ಮಾವ ಹೇಳಿದ್ದನ್ನು ಬರೆದಿದ್ದೆ. ಅದಕ್ಕೆ ಮುಂಚೆ ಎಂಜಿನ್ನಿಗೆ ಏನಾದರೂ ಮಾಡಿಸಿದ್ರಾ ಎಂದು ಮೇಸ್ತ್ರಿ ಕೇಳಿದರು. ಇಲ್ಲ ಎಂದೆ ನಾನು. ಇವರು ಕಿಟಕಿಯಾಚೆ ಬಹಳ ಆಸಕ್ತಿಯಿಂದ ನೋಡುತ್ತಿದ್ದರು. ಆಚೆ ಇದ್ದದ್ದು ಒಂದು ಗೋಡೆ.

"ಅಪ್ಪ ಅದರ ಹಿಂದಿನ ಭಾನುವಾರ ಎಂಜಿನ್ ಪ್ಲಗ್ ಬದಲಾಯಿಸಿದ್ರಲ್ಲ" ಎಂದಳು ದೊಡ್ಡವಳು. "ನಾನು ಟಾರ್ಚ್ ಹಿಡಿದಿದ್ದೆ."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಳ್ಳುವವರನ್ನು ಕೇಳಿದ್ದೆ. ಇವರು ಪ್ಲಾಸ್ಟರ್ ಮುಟ್ಟಿಕೊಂಡರು.

ಮೇಸ್ತ್ರಿ ಗ್ಯಾರೇಜಿನಲ್ಲಿ ಎಂಜಿನ್ ಆರಲು ಬಿಟ್ಟು, ನಾಲ್ಕು ಸ್ಪಾರ್ಕ್ ಪ್ಲಗ್‌ಗಳನ್ನೂ ಬಿಚ್ಚಿ ಬಟ್ಟೆಯ ಮೇಲೆ ಸಾಲಾಗಿ ಇಟ್ಟರು. ತುದಿಗಳು ಬೂದಿಯ ಹಾಗೆ ಬೆಳ್ಳಗಾಗಿದ್ದವು, ಮೇಲೆ ಚಿಕ್ಕ ಚಿಕ್ಕ ಕಪ್ಪು ಚುಕ್ಕೆ. ಇದು ಈ ಎಂಜಿನ್ನಿನ ಪ್ಲಗ್ಗೇ ಅಲ್ಲ ಎಂದರು. ಅಳತೆ ಒಂದೇ, ಕೂರುತ್ತದೆ, ಗಾಡಿಯೂ ಓಡುತ್ತದೆ. ಆದರೆ ಭಾರ ಬಿದ್ದಾಗ ಇದರ ತುದಿ ಬಿಸಿಯನ್ನು ಬಿಟ್ಟುಕೊಡದೆ ಕೆಂಡವಾಗುತ್ತದೆ. ಕಿಡಿ ಹಾರುವ ಮೊದಲೇ ಪೆಟ್ರೋಲ್ ಹತ್ತಿಕೊಳ್ಳುತ್ತದೆ. ಆ ಏಟಿನ ಸದ್ದೇ ನೀವು ಕೇಳಿದ್ದು. ಇನ್ನೊಂದು ತಿಂಗಳು ಹೀಗೇ ಓಡಿದ್ದರೆ ಪಿಸ್ಟನ್ ತೂತಾಗಿ ಎಂಜಿನ್ನೇ ಹೋಗುತ್ತಿತ್ತು ಎಂದರು. ನಂಬರಿನಲ್ಲಿ ಒಂದೇ ಒಂದು ಅಂಕಿ ವ್ಯತ್ಯಾಸ ಎಂದು ಸರಿಯಾದ ಪ್ಲಗ್ಗಿನ ಡಬ್ಬ ತೋರಿಸಿದರು.

ಒಂದೇ ಒಂದು ಅಂಕಿ. ಕರಡು ತಿದ್ದುವವರು.

ಹೇಳಲು ನನ್ನ ಹತ್ತಿರ ಇವತ್ತು ಉತ್ತರಗಳು ಸಾಲುಗಟ್ಟಿ ನಿಂತಿದ್ದವು, ಅದೂ ಸರಿಯಾದ ಸ್ಟಾಪಿನಲ್ಲೇ. ಆದರೆ ಇವರು ಆ ಪ್ಲಗ್ಗನ್ನು ಕೈಯಲ್ಲಿ ಹಿಡಿದು ಅಷ್ಟು ಹೊತ್ತು ನೋಡುತ್ತಿದ್ದದ್ದು ಕಂಡು ಸುಮ್ಮನಾದೆ. ಮನೆಗೆ ಬಂದ ಮೇಲೆ, ನಾನು ಬಟ್ಟೆ ಮಡಿಸುತ್ತಿದ್ದಲ್ಲಿಗೆ ಊರುಗೋಲಿನಲ್ಲಿ ಬಂದು ನಿಂತರು.

"ತಪ್ಪಾಯ್ತು ಕಣೇ" ಎಂದರು. "ಪ್ಲಗ್ಗಿಗಲ್ಲ. ಮೊನ್ನೆ ಲಾರಿ ಮುಂದೆ ಹೇಳಿದ ಮಾತಿಗೆ."

ಟವೆಲ್ ಮಡಿಸಿ ಎಂದು ಎರಡು ಟವೆಲ್ ಕೊಟ್ಟೆ. ಅಂಚಿಗೆ ಅಂಚು ಕೂಡಿಸಿ ಮಡಿಸಿದರು.

ಮಾರ್ಚ್ 30, ಸೋಮವಾರ

ಹೊಸ ಪ್ಲಗ್. ಐದು ಜನ, ಎಂಜಿನ್ ಬಿಸಿ, ಮೂರನೇ ಗೇರ್: ಇಲ್ಲ. ಎರಡನೇ ಗೇರ್: ಇಲ್ಲ.

ಸದ್ದಿಲ್ಲದೆ ಏರು ಸಪ್ಪೆ ಅನ್ನಿಸಿತು.

ಏಪ್ರಿಲ್ 4, ಶನಿವಾರ

ಪ್ಲಾಸ್ಟರ್ ಬಿಚ್ಚಿದರು. ಒಳಗಿಂದ ಬಂದ ಕಾಲನ್ನು ನೋಡಿ ಚಿಕ್ಕವಳು, ಇದು ಅಪ್ಪನದಲ್ಲ, ಬದಲಾಗಿದೆ ಎಂದಳು. ಗಾಡಿ ಓಡಿಸಲು ಇನ್ನೂ ಒಂದು ತಿಂಗಳು ಬೇಕಂತೆ. ವ್ಯಾನ್ ಮಾರುವ ಮಾತನ್ನು ಯಾರೂ ಎತ್ತುತ್ತಿಲ್ಲ. ಆಸ್ಪತ್ರೆಯಲ್ಲಿ ಜೊತೆ ಕೆಲಸ ಮಾಡುವವಳ ಕಾರು ತಿರುವಿನಲ್ಲಿ ಕರಕರ ಅನ್ನುತ್ತದಂತೆ, ಸ್ವಲ್ಪ ಕೇಳಿ ಹೇಳಿ ಎಂದಳು. ನನಗೇನು ಗೊತ್ತು ಎಂದೆ. ಮಧ್ಯಾಹ್ನ ಹೋಗಿ ಕೇಳಿದೆ. ಎಡಗಡೆಯ ಮುಂದಿನ ಚಕ್ರ. ಬರೆದುಕೊಂಡು ಮೇಸ್ತ್ರಿಯ ಹತ್ತಿರ ಹೋಗು ಎಂದೆ.

ಏಪ್ರಿಲ್ 12, ಭಾನುವಾರ

ಬೆಳಿಗ್ಗೆ ಮಾವ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದು ನಿಂತರು. ಬಿಡುವಿದ್ದರೆ ಡಿಪೋ ಹತ್ತಿರ ಕರೆದುಕೊಂಡು ಹೋಗ್ತೀಯಾ ಎಂದು ಕೇಳಿದರು. ಹಳೆಯ ಡ್ರೈವರುಗಳೆಲ್ಲ ಭಾನುವಾರ ಡಿಪೋ ಎದುರಿನ ಟೀ ಅಂಗಡಿಯಲ್ಲಿ ಸೇರುತ್ತಾರಂತೆ. ಲೈಸೆನ್ಸ್ ಹೋದ ಮೇಲೆ, ನಾಲ್ಕು ವರ್ಷದಿಂದ ಮಾವ ಆ ಕಡೆ ತಲೆ ಹಾಕಿಲ್ಲ. ಸುಮ್ಮನೆ ಮನೆಯಲ್ಲಿ ಕೂತು ಏನು ಮಾಡುವುದು ಎಂದು ಇವರೂ ಮಕ್ಕಳೂ ಹತ್ತಿದರು.

ಟೀ ಅಂಗಡಿಯ ಮುಂದೆ ಜಾಗವೇ ಇರಲಿಲ್ಲ. ಎರಡು ಬಸ್ಸುಗಳ ನಡುವೆ ಒಂದು ಸಂದಿ. ಏಳೆಂಟು ಜನ ಮುದುಕರು ಟೀ ಲೋಟ ಹಿಡಿದು ನೋಡುತ್ತಿದ್ದರು. ಮೂವತ್ತು ಮೂವತ್ತು ವರ್ಷ ಬಸ್ ಓಡಿಸಿದವರು. ಮಾವ ಅಂಗಿಯ ಕಾಲರ್ ಸರಿಮಾಡಿಕೊಳ್ಳುತ್ತಿದ್ದರು. ಕನ್ನಡಿ ನೋಡಿಕೊಂಡು ರಿವರ್ಸಿನಲ್ಲಿ ಒಳಗೆ ಬಿಟ್ಟೆ. ಇಳಿಯಲು ಬಾಗಿಲು ಅರ್ಧ ಮಾತ್ರ ತೆಗೆಯಲಾಯಿತು, ಇನ್ನೂ ಸ್ವಲ್ಪ ಎಡಕ್ಕೆ ಹಾಕಬೇಕಿತ್ತು.

ಅವರಲ್ಲಿ ಒಬ್ಬರು, ಯಾರಿದು, ಮಗಳಾ ಎಂದು ಕೇಳಿದರು.

"ನಮ್ಮ ಡ್ರೈವರು" ಎಂದರು ಮಾವ.

ಸೊಸೆ ಅನ್ನಬಹುದಿತ್ತು. ಆ ಅಜ್ಜ ನನಗೆ ಸಕ್ಕರೆ ಜಾಸ್ತಿ ಹಾಕಿದ ಟೀ ತರಿಸಿದರು, ಡ್ರೈವರಿಗೆ ಹಾಗೇ ಕೊಡುವುದಂತೆ. ಕುಡಿಯಲಿಕ್ಕಾಗಲಿಲ್ಲ, ಬಿಡಲಿಕ್ಕೂ ಆಗಲಿಲ್ಲ. ಒಂದೂವರೆ ಗಂಟೆ ಯಾವ ದಾರಿಯ ಯಾವ ತಿರುವು ಎಂಥದು ಎಂಬುದೇ ಮಾತು. ಮಾವ ಕೈಯಲ್ಲಿ ಇಲ್ಲದ ಸ್ಟೀರಿಂಗ್ ತಿರುಗಿಸಿ ತಿರುಗಿಸಿ ಹೇಳುತ್ತಿದ್ದರು. ಇವರು ಅಪ್ಪನನ್ನೇ ನೋಡುತ್ತಾ ಕೂತಿದ್ದರು, ಒಂದು ಕಡೆಯೂ ತಿದ್ದಲಿಲ್ಲ.

ವಾಪಸ್ ಬರುವಾಗ ಮಾವ ಮುಂದಿನ ಸೀಟಿನಲ್ಲಿದ್ದರು. ರೈಲ್ವೆ ಗೇಟು ದಾಟುವಷ್ಟರಲ್ಲಿ ತಲೆ ಕಿಟಕಿಗೆ ಒರಗಿತು. ಸಣ್ಣಗೆ ಗೊರಕೆ. ಇವರು ಹಿಂದಿನಿಂದ ಮುಂದಕ್ಕೆ ಬಾಗಿ, ನನ್ನ ಕಿವಿಯ ಹತ್ತಿರ, ಮಕ್ಕಳಿಗೂ ಕೇಳದ ಹಾಗೆ ಹೇಳಿದರು:

"ಬೇರೆಯವರು ಓಡಿಸೋವಾಗ ಅಪ್ಪ ಕಣ್ಣು ಮುಚ್ಚಿದ್ದು ನಾನು ಹುಟ್ಟಿದಾಗಿನಿಂದ ನೋಡಿಲ್ಲ ಕಣೇ. ನಾನು ಓಡಿಸೋವಾಗಲೂ ಇಲ್ಲ."

ಬಿಸಿಲಿಗೆ ಇರಬೇಕು ಎಂದೆ. ಟೀ ಜೊತೆ ಮೂರು ಬನ್ ಬೇರೆ ತಿಂದಿದ್ದರು.

ಟ್ಯಾಂಕಿನ ಏರು ಬಂತು, ಡಿಪೋ ಕಡೆಯಿಂದ ಬಂದರೂ ಅದು ಏರೇ. ಅವರಿಗೆ ಎಚ್ಚರವಾಗದಿರಲಿ ಎಂದು ಬುಡದಲ್ಲೇ, ಸ್ವಲ್ಪ ಮೊದಲೇ, ಗೇರ್ ಇಳಿಸಿದೆ.